ಡಿ ಬೇಕೇ, ಜೆ ಸಾಕೇ? ವಜ್ರದ ಬಣ್ಣ ನೋಡಿ ಹರಳು ಆರಿಸುವ ಬಗೆ

ನಮ್ಮ ದೊಡ್ಡಮ್ಮನ ಬಳಿ ಅವರ ಅತ್ತೆಯಿಂದ ಬಂದ ಏಳು ಹರಳಿನ ಓಲೆಗಳಿವೆ. ಕೆಲವು ವರ್ಷಗಳ ಹಿಂದೆ ಎಡಗಿವಿಯ ಓಲೆಯಿಂದ ಒಂದು ಹರಳು ಎಲ್ಲೋ ಉದುರಿಹೋಯಿತು. ಬೆಂಗಳೂರಿನ ಒಂದು ಅಂಗಡಿಗೆ ಒಯ್ದು ಹೊಸ ಹರಳು ಕೂರಿಸಿಕೊಡಲು ಹೇಳಿದಾಗ, ಅವರು ‘ಒಳ್ಳೆಯದನ್ನೇ ಹಾಕಿದ್ದೇವೆ ಅಮ್ಮಾ, ಎಫ್ ಕಲರ್’ ಎಂದು ಹೇಳಿ ಅದಕ್ಕೆ ತಕ್ಕ ಹಣವನ್ನೂ ಪಡೆದರು. ಮನೆಗೆ ಬಂದು ಬೆಳಗಿನ ಬೆಳಕಿನಲ್ಲಿ ಓಲೆಯನ್ನು ಅಂಗೈಯ ಮೇಲಿಟ್ಟುಕೊಂಡಾಗ ಎಡವಟ್ಟು ತಿಳಿಯಿತು. ಉಳಿದ ಹದಿಮೂರು ಹರಳುಗಳು ಅದುವರೆಗೆ ಯಾರ ಕಣ್ಣಿಗೂ ಹಳದಿಯಾಗಿ ಕಂಡಿರಲಿಲ್ಲ. ಹೊಸದು ಬಂದು ನಡುವೆ ಕೂತ ಮೇಲೆ ಹದಿಮೂರೂ ಮಾಸಿದಂತೆ ಕಾಣತೊಡಗಿದವು. ಕೊಟ್ಟ ಹರಳಿನಲ್ಲಿ ಮೋಸವಿರಲಿಲ್ಲ, ಅದು ಹೇಳಿದ ದರ್ಜೆಯದೇ ಆಗಿತ್ತು. ಆದರೆ ಹಳೆಯ ಹಲ್ಲುಗಳ ಸಾಲಿನಲ್ಲಿ ಕಟ್ಟಿಸಿದ ಹೊಸ ಹಲ್ಲಿನ ಹಾಗೆ ಅದೊಂದೇ ಎದ್ದು ಕಾಣುತ್ತಿತ್ತು.

ವಜ್ರದ ಬಣ್ಣವನ್ನು ಕುರಿತು ನನಗೆ ತಿಳಿದಿರುವುದೆಲ್ಲ ಆ ಓಲೆಯ ಬೆನ್ನುಹತ್ತಿ ಕಲಿತದ್ದು. ಮದುವೆಗೋ ಸೀಮಂತಕ್ಕೋ ವಜ್ರದ ಒಡವೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ‘ಯಾವ ಕಲರ್ ಒಳ್ಳೆಯದು’ ಎಂದು. ವಜ್ರದ ಬಣ್ಣಕ್ಕೆ ಡಿಯಿಂದ ಝಡ್‌ವರೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ದರ್ಜೆ ಕೊಡುವುದರಿಂದ ಅದಕ್ಕೆ ಉತ್ತರ ಸುಲಭ: ಡಿ ಎಲ್ಲಕ್ಕಿಂತ ಮೇಲಿನದು, ಅದರ ಬೆಲೆಯೂ ಮೇಲಿನದು. ಆದರೆ ಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು, ಈ ಹರಳು ಯಾವ ಲೋಹದಲ್ಲಿ, ಯಾವ ಹರಳುಗಳ ಪಕ್ಕದಲ್ಲಿ, ಮೈಯ ಯಾವ ಭಾಗದಲ್ಲಿ ಕೂರಲಿದೆ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಅಕ್ಷರದ ಮಾತಿಗೆ ಹೋಗುವುದು.

ಅಕ್ಷರ ಏನನ್ನು ಹೇಳುತ್ತದೆ

ವಜ್ರವನ್ನು ಅಳೆಯುವ ನಾಲ್ಕು ಮಾನದಂಡಗಳಾದ ಕ್ಯಾರೆಟ್ (ತೂಕ), ಕಟ್ (ಕತ್ತರಿಸಿದ ಬಗೆ), ಕ್ಲ್ಯಾರಿಟಿ (ಒಳಗಿನ ಸ್ವಚ್ಛತೆ), ಕಲರ್‌ಗಳಲ್ಲಿ ಕಲರ್ ಎಂಬುದು ಬಣ್ಣ ಎಷ್ಟಿದೆ ಎನ್ನುವುದಕ್ಕಿಂತ ಬಣ್ಣ ಎಷ್ಟು ಇಲ್ಲ ಎನ್ನುವುದನ್ನು ಹೇಳುತ್ತದೆ. ಇಂದು ಜಗತ್ತೆಲ್ಲ ಬಳಸುವ ಡಿಯಿಂದ ಝಡ್‌ವರೆಗಿನ ಅಕ್ಷರಮಾಲೆಯನ್ನು 1950ರ ದಶಕದ ಆರಂಭದಲ್ಲಿ ಅಮೆರಿಕದ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ, ಅಂದರೆ ಜಿಐಎ ಸಂಸ್ಥೆಯಲ್ಲಿ, ರಿಚರ್ಡ್ ಲಿಡಿಕೋಟ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. ಎಯಿಂದ ಏಕೆ ಶುರುವಾಗಲಿಲ್ಲ ಎಂದು ಅನೇಕರು ಕೇಳುತ್ತಾರೆ. ಅದಕ್ಕೆ ಮೊದಲು ಒಬ್ಬೊಬ್ಬ ವ್ಯಾಪಾರಿ ತನ್ನದೇ ರೀತಿಯಲ್ಲಿ ಎ, ಬಿ, ಸಿ ಎಂದೋ, ಡಬಲ್ ಎ ಎಂದೋ, ಅಂಕಿಗಳಲ್ಲೋ ಹರಳುಗಳನ್ನು ಕರೆಯುತ್ತಿದ್ದ. ಆ ಗೊಂದಲದ ನೆರಳು ಬೀಳದಿರಲೆಂದು ಹೊಸ ಪದ್ಧತಿಯನ್ನು ಯಾರೂ ಬಳಸದ ಅಕ್ಷರದಿಂದ ಆರಂಭಿಸಲಾಯಿತು. ಇನ್ನೂ ಹಳೆಯ ಹೆಸರುಗಳೂ ಇದ್ದವು: ರಿವರ್, ವೆಸೆಲ್ಟನ್, ಕ್ರಿಸ್ಟಲ್, ಕೇಪ್. ಇವುಗಳಲ್ಲಿ ವೆಸೆಲ್ಟನ್ ದಕ್ಷಿಣ ಆಫ್ರಿಕದ ಕಿಂಬರ್ಲಿ ಬಳಿಯ ಒಂದು ಗಣಿ. ಕೇಪ್ ಎಂದರೆ ಅಲ್ಲಿನ ಕೇಪ್ ವಸಾಹತಿನಿಂದ ಬರುತ್ತಿದ್ದ ಹಳದಿ ಛಾಯೆಯ ಕಲ್ಲುಗಳು. ಹಳಬರಾದ ವ್ಯಾಪಾರಿಗಳ ಬಾಯಲ್ಲಿ ಈ ಮಾತುಗಳು ಈಗಲೂ ಕೇಳಿಸುವುದುಂಟು.

ಜಿಐಎ ಪದ್ಧತಿಯಲ್ಲಿ ಡಿ, ಇ, ಎಫ್ ಮೂರೂ ವರ್ಣರಹಿತ ಗುಂಪಿಗೆ ಸೇರಿದವು. ಜಿ, ಎಚ್, ಐ, ಜೆ ನಾಲ್ಕು ಬಹುತೇಕ ವರ್ಣರಹಿತ. ಕೆ, ಎಲ್, ಎಂ ಮಂದ ಛಾಯೆಯವು. ಅಲ್ಲಿಂದ ಕೆಳಗೆ ಎನ್‌ನಿಂದ ಆರ್‌ವರೆಗೆ ಅತಿ ತಿಳಿ ಬಣ್ಣ, ಎಸ್‌ನಿಂದ ಝಡ್‌ವರೆಗೆ ತಿಳಿ ಬಣ್ಣ. ಇಲ್ಲಿ ಗಮನಿಸಬೇಕಾದದ್ದು, ಪ್ರತಿ ಅಕ್ಷರವೂ ಒಂದು ಬಿಂದುವಲ್ಲ, ಒಂದು ಪಟ್ಟಿ. ಜಿ ಪಟ್ಟಿಯ ಮೇಲ್ತುದಿಯ ಹರಳಿಗೂ ಎಫ್ ಪಟ್ಟಿಯ ಕೆಳತುದಿಯ ಹರಳಿಗೂ ಇರುವ ಅಂತರ, ಜಿ ಪಟ್ಟಿಯ ಎರಡು ತುದಿಗಳ ನಡುವಿನ ಅಂತರಕ್ಕಿಂತ ಕಡಿಮೆಯಿರಬಹುದು. ಬೆಲೆ ಮಾತ್ರ ಗೆರೆ ದಾಟಿದ ಕೂಡಲೇ ಮೆಟ್ಟಿಲು ಹತ್ತಿದಂತೆ ಏರುತ್ತದೆ.

ಈ ದರ್ಜೆಯನ್ನು ಕೊಡುವ ರೀತಿಯನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಪ್ರಯೋಗಾಲಯದಲ್ಲಿ ಬಿಡಿ ಹರಳನ್ನು ಮುಖ ಕೆಳಗಾಗಿ, ಬೆನ್ನು ಮೇಲಾಗಿ ಇಟ್ಟು, ಹಗಲಿನ ಬೆಳಕಿಗೆ ಸಮನಾದ ನಿಯಂತ್ರಿತ ದೀಪದಡಿಯಲ್ಲಿ, ಮೊದಲೇ ದರ್ಜೆ ನಿಗದಿಯಾದ ಮಾದರಿ ಹರಳುಗಳ ಪಕ್ಕದಲ್ಲಿಟ್ಟು ಬದಿಯಿಂದ ನೋಡುತ್ತಾರೆ. ಮುಖ ಮೇಲಾಗಿದ್ದರೆ ಹರಳಿನ ಹೊಳಪು ಕಣ್ಣು ಕೋರೈಸಿ ಒಳಗಿನ ಛಾಯೆಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದಲೇ ಈ ಉಪಾಯ. ಅಂದರೆ ಸರ್ಟಿಫಿಕೇಟಿನಲ್ಲಿ ಅಚ್ಚಾಗಿರುವ ಅಕ್ಷರ, ನಾವು ಯಾವತ್ತೂ ನೋಡದ ಭಂಗಿಯಲ್ಲಿ ಮಲಗಿದ್ದ ಹರಳಿನ ವರ್ಣನೆ. ನಾವು ಅದನ್ನು ನೋಡುವುದು ಮುಖ ಮೇಲಾಗಿ, ಚಿನ್ನದ ನಡುವೆ, ಮದುವೆಮಂಟಪದ ದೀಪಗಳ ಕೆಳಗೆ, ಅದೂ ಎರಡಡಿ ದೂರದಿಂದ.

ಹಳದಿ ಎಲ್ಲಿಂದ ಬರುತ್ತದೆ

ವಜ್ರವೆಂದರೆ ಇಂಗಾಲ. ಭೂಮಿಯೊಳಗೆ ಅದು ಹರಳುಗಟ್ಟುವಾಗ ಅಲ್ಲಲ್ಲಿ ಇಂಗಾಲದ ಪರಮಾಣುವಿನ ಜಾಗದಲ್ಲಿ ಸಾರಜನಕ ಸೇರಿಕೊಳ್ಳುತ್ತದೆ. ಆ ಸಾರಜನಕ ಬೆಳಕಿನ ನೇರಳೆ ಮತ್ತು ನೀಲಿ ಭಾಗವನ್ನು ಸ್ವಲ್ಪ ನುಂಗುವುದರಿಂದ ಉಳಿದ ಬೆಳಕು ಹಳದಿಯಾಗಿ ಕಾಣುತ್ತದೆ. ಬಹುಪಾಲು ವಜ್ರಗಳಲ್ಲಿ ಸಾರಜನಕ ಇದ್ದೇ ಇರುತ್ತದೆ. ಅಳೆಯಲು ಸಿಗುವಷ್ಟೂ ಸಾರಜನಕವಿಲ್ಲದ ಹರಳುಗಳು ನೂರಕ್ಕೆ ಒಂದೆರಡು ಮಾತ್ರ. ಅವನ್ನು ಟೈಪ್ 2ಎ ಎನ್ನುತ್ತಾರೆ. ಕೃಷ್ಣಾ ನದಿಯ ದಡದ ಕೊಲ್ಲೂರು ಗಣಿ ಮೊದಲಾದ ಕಡೆಗಳಿಂದ ಬಂದು ಗೋಲ್ಕೊಂಡದ ಹೆಸರಿನಲ್ಲಿ ಲೋಕಪ್ರಸಿದ್ಧವಾದ ವಜ್ರಗಳಲ್ಲಿ ಹಲವು ಈ ಜಾತಿಯವು, ಕೊಹಿನೂರ್ ಕೂಡ. ಈಗ ನಮ್ಮ ಅಂಗಡಿಗಳ ತಟ್ಟೆಯಲ್ಲಿ ಸಿಗುವ ಸಾಮಾನ್ಯ ಹರಳಿಗೆ ಆ ಹೆಸರನ್ನು ಅಂಟಿಸಿ ಯಾರಾದರೂ ಮಾತಾಡಿದರೆ ಸುಮ್ಮನೆ ನಕ್ಕು ಮುಂದಿನ ಹರಳನ್ನು ನೋಡುವುದು ಲೇಸು.

ಹಳದಿಯೊಂದೇ ಛಾಯೆಯಲ್ಲ. ಭೂಗರ್ಭದ ಒತ್ತಡದಲ್ಲಿ ಹರಳಿನ ಜಾಲರಿ ಹಿಂಡಿಹೋದಾಗ ಕಂದು ಛಾಯೆ ಬರುತ್ತದೆ. ಕೆಲವು ಹರಳುಗಳಲ್ಲಿ ಸಣ್ಣಗೆ ಹಸಿರು ಇರುತ್ತದೆ, ಇನ್ನು ಕೆಲವು ಹಾಲು ಬೆರೆಸಿದ ನೀರಿನಂತೆ ಮಬ್ಬಾಗಿರುತ್ತವೆ. ಸೂರತ್ ಮತ್ತು ಮುಂಬೈ ವ್ಯಾಪಾರಿಗಳು ಈ ಮೂರು ದೋಷಗಳನ್ನು ಒಟ್ಟಾಗಿ ಬಿಜಿಎಂ ಎಂದು ಕರೆಯುತ್ತಾರೆ: ಬ್ರೌನ್, ಗ್ರೀನ್, ಮಿಲ್ಕಿ. ಅಕ್ಷರ ಮಾತ್ರ ನೋಡಿ ಕೊಳ್ಳುವವರು ಎಡವುವುದು ಇಲ್ಲೇ. ಒಂದೇ ಎಚ್ ದರ್ಜೆಯ ಎರಡು ಹರಳುಗಳಲ್ಲಿ ಒಂದು ಬೆಚ್ಚಗಿನ ತಿಳಿಹಳದಿಯಾಗಿದ್ದು ಚಿನ್ನದಲ್ಲಿ ಬೆಳಗಬಹುದು. ಇನ್ನೊಂದು ಕಂದಾಗಿದ್ದು ಎಷ್ಟು ಒರೆಸಿದರೂ ಕೊಳೆಯಾದಂತೆ ಕಾಣಬಹುದು. ಜಿಐಎ ವರದಿಯಲ್ಲಿ ಕೆ ಮತ್ತು ಅದರ ಕೆಳಗಿನ ಕಂದು ಹರಳುಗಳಿಗೆ ಅಕ್ಷರದ ಜೊತೆ ‘ಮಂದ ಕಂದು’ ಎಂಬಂಥ ಮಾತನ್ನೂ ಸೇರಿಸುತ್ತಾರೆ. ಅದಕ್ಕಿಂತ ಮೇಲಿನ ದರ್ಜೆಗಳಲ್ಲಿ ಛಾಯೆ ಯಾವುದೆಂದು ಅಕ್ಷರ ಹೇಳುವುದಿಲ್ಲ. ಹಾಗಾಗಿ ‘ಇದು ಯಾವ ಕಲರ್’ ಎಂದು ಕೇಳಿದ ಮೇಲೆ ‘ಬಿಜಿಎಂ ಏನಾದರೂ ಇದೆಯೇ’ ಎಂದೂ ಕೇಳಬೇಕು. ಈ ಮೂರಕ್ಷರ ನಿಮ್ಮ ಬಾಯಿಂದ ಬಂದರೆ ಗಲ್ಲಾದ ಆಚೆಯವರು ಮೊದಲಿಗಿಂತ ನೆಟ್ಟಗೆ ಕೂರುತ್ತಾರೆ ಎನ್ನುವುದು ನನ್ನ ಅನುಭವ.

ಹಳದಿ ಚಿನ್ನವೋ, ಬಿಳಿ ಲೋಹವೋ

ಬಣ್ಣದ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕಾದದ್ದು ಲೋಹಕ್ಕೆ. ವಜ್ರ ಕನ್ನಡಿಯ ಹಾಗೆ ಸುತ್ತಲಿನದನ್ನು ತನ್ನೊಳಗೆ ತೆಗೆದುಕೊಂಡು ತೋರಿಸುತ್ತದೆ. ಹರಳನ್ನು ಹಿಡಿದಿರುವ ಕಡ್ಡಿಗಳು ಹಳದಿ ಚಿನ್ನದವಾದರೆ ಆ ಹಳದಿ ಹರಳಿನ ಅಂಚುಗಳಲ್ಲಿ ಮೂಡಿಯೇ ಮೂಡುತ್ತದೆ. ಡಿ ದರ್ಜೆಯ ಹರಳನ್ನು ಕೊಂಡು ಸುತ್ತಲೂ ಹಳದಿ ಚಿನ್ನದ ಕಟ್ಟು ಹಾಕಿಸಿದರೆ, ಹಣ ಕೊಟ್ಟು ತೆಗೆಸಿದ ಹಳದಿಯನ್ನು ಮತ್ತೆ ಹಣ ಕೊಟ್ಟು ತುಂಬಿಸಿಕೊಂಡಂತೆ ಆಗುತ್ತದೆ. ಅದೇ ಲೋಹದಲ್ಲಿ ಐ ಅಥವಾ ಜೆ ದರ್ಜೆಯ ಹರಳು ಸುತ್ತಲಿನ ಚಿನ್ನದೆದುರು ಬೆಳ್ಳಗೆ ಕಾಣುತ್ತದೆ, ಏಕೆಂದರೆ ಕಣ್ಣು ಅದನ್ನು ತೂಗುವುದು ಪಕ್ಕದ ಚಿನ್ನದೊಂದಿಗೆ. ಓಲೆ, ಬೆಂಡೋಲೆ, ಮೂಗುಬಟ್ಟು, ತಾಳಿಯ ಜೊತೆ ಪೋಣಿಸುವ ಪದಕ ಮುಂತಾಗಿ ನಮ್ಮ ಕಡೆಯ ಸಾಂಪ್ರದಾಯಿಕ ಒಡವೆಗಳು ಹೆಚ್ಚಾಗಿ ಹಳದಿ ಚಿನ್ನದವೇ ಆದ್ದರಿಂದ, ಅವುಗಳಿಗೆ ಎಚ್‌ನಿಂದ ಜೆವರೆಗಿನ ಹರಳು ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆ ದರ್ಜೆಯಲ್ಲೂ ಚೆನ್ನಾಗಿ ಕತ್ತರಿಸಿದ, ಕಂದಿಲ್ಲದ ಹರಳು ಸಿಕ್ಕರೆ ಹಿಂಜರಿಯಬೇಕಿಲ್ಲ.

ಬಿಳಿ ಚಿನ್ನ ಮತ್ತು ಪ್ಲಾಟಿನಂ ಬೇರೆ ಕಥೆ. ಅಲ್ಲಿ ಹರಳಿನ ಸುತ್ತ ಹಳದಿ ಇರುವುದಿಲ್ಲ, ಆದ್ದರಿಂದ ಹರಳಿನೊಳಗಿನ ಹಳದಿಗೆ ಅಡಗಲು ಜಾಗವಿಲ್ಲ. ಒಂಟಿ ಹರಳಿನ ಉಂಗುರಕ್ಕೆ ಜಿ ಅಥವಾ ಎಚ್ ಬೇಕು. ಒಂದು ಕ್ಯಾರೆಟ್ ಮೀರಿದ ಹರಳಾದರೆ ಎಫ್‌ವರೆಗೆ ಹೋಗುವುದಕ್ಕೂ ಅರ್ಥವಿದೆ. ಒಂದು ಸಣ್ಣ ಸೂಚನೆ: ಬಿಳಿ ಚಿನ್ನದ ಆ ಬೆಳ್ಳಿ ಹೊಳಪು ಬಹುಮಟ್ಟಿಗೆ ಮೇಲಿನ ರೋಡಿಯಂ ಲೇಪದ್ದು. ದಿನವೂ ಕೈಯಲ್ಲಿರುವ ಉಂಗುರದ ಲೇಪ ಸವೆದಾಗ ಒಳಗಿನ ಲೋಹದ ಮಾಸಲು ಹಳದಿ ಹೊರಬರುತ್ತದೆ, ಆಗ ಹರಳೇ ಬಣ್ಣಗೆಟ್ಟಿತೆಂದು ಜನ ಗಾಬರಿಯಾಗುತ್ತಾರೆ. ವಜ್ರದ ಬಣ್ಣ ಹಾಗೆ ಬದಲಾಗುವುದಿಲ್ಲ. ಲೇಪವನ್ನು ಮತ್ತೆ ಹಾಕಿಸಿದರಾಯಿತು.

ಎರಡು ಲೋಹಗಳನ್ನೂ ಸೇರಿಸಿ, ಒಡವೆಯ ದೇಹ ಹಳದಿ ಚಿನ್ನದ್ದಾಗಿ, ಹರಳಿನ ಕಡ್ಡಿಗಳಷ್ಟೇ ಬಿಳಿ ಲೋಹದ್ದಾಗಿ ಮಾಡಿಸುವವರೂ ಇದ್ದಾರೆ. ಹಳದಿ ಒಡವೆಯ ಮೇಲೆ ಜಿ, ಎಚ್ ಹರಳು ಬಿಳಿದಾಗಿ ಕಾಣಬೇಕೆನ್ನುವವರಿಗೆ ಇದು ಒಳ್ಳೆಯ ಮಧ್ಯದ ದಾರಿ.

ಹಳೆಯ ಒಡವೆಗಳ ಮುಚ್ಚಿದ ಕಟ್ಟಿನ ಬಗ್ಗೆಯೂ ಒಂದು ಮಾತು. ಹಿಂಭಾಗ ಪೂರ್ತಿ ಚಿನ್ನದಿಂದ ಮುಚ್ಚಿ, ಹರಳಿನ ಕೆಳಗೆ ಹೊಳೆಯುವ ತಗಡು ಇಟ್ಟು ಕಟ್ಟಿದ ಒಡವೆಯಲ್ಲಿ ಹರಳಿನ ನಿಜವಾದ ಬಣ್ಣ ಯಾವ ಪರಿಣತನಿಗೂ ಸಿಗುವುದಿಲ್ಲ. ಅಂಥ ಒಡವೆಯನ್ನು ಬದಲಾಯಿಸಲು ಒಯ್ದಾಗ ಅಂಗಡಿಯವರು ಮೇಲಿನಿಂದ ನೋಡಿ ಒಂದು ದರ್ಜೆ ಹೇಳಿದರೆ ಅದನ್ನು ಅಂದಾಜೆಂದು ತಿಳಿಯಬೇಕು. ಬೆಲೆ ಕಟ್ಟಿಸಬೇಕಾದರೆ ಒಂದು ಹರಳನ್ನಾದರೂ ನಮ್ಮೆದುರೇ ಬಿಡಿಸಿ ನೋಡಿಸಬೇಕು.

ಗಾತ್ರ ಮತ್ತು ಆಕಾರ

ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಭಾಗವೇ ಅಂಗಡಿಯವರು ಹೇಳುವ ಸೆಂಟ್. ಗಾತ್ರ ಹೆಚ್ಚಿದಷ್ಟೂ ಬೆಳಕು ಹರಳಿನೊಳಗೆ ಸಾಗುವ ದಾರಿ ಉದ್ದವಾಗುತ್ತದೆ, ಬಣ್ಣವೂ ಹೆಚ್ಚು ಕಾಣುತ್ತದೆ. 5 ಸೆಂಟಿನ ಮೂಗುಬಟ್ಟಿನಲ್ಲಿ ಎಫ್‌ಗೂ ಐಗೂ ಇರುವ ವ್ಯತ್ಯಾಸವನ್ನು ಮುಖಕ್ಕೆ ಮುಖ ಕೂತು ಮಾತಾಡುವ ಗೆಳತಿಯೂ ಗುರುತಿಸಲಾರಳು. ಅದೇ ವ್ಯತ್ಯಾಸ ಒಂದೂವರೆ ಕ್ಯಾರೆಟ್ಟಿನ ಒಂಟಿ ಹರಳಿನ ಬಿಳಿ ಉಂಗುರದಲ್ಲಿ ಸ್ಪಷ್ಟ.

ಆಕಾರಗಳಲ್ಲಿ ದುಂಡಗಿನ ಬ್ರಿಲಿಯಂಟ್ ಕಟ್ ಬಣ್ಣವನ್ನು ಅಡಗಿಸುವುದರಲ್ಲಿ ಎಲ್ಲಕ್ಕಿಂತ ಮುಂದು. ಅದರ ಮುಖಗಳು ಬೆಳಕನ್ನು ಚೂರು ಚೂರಾಗಿ ಮೇಲಕ್ಕೆ ಎಸೆಯುವುದರಿಂದ ಕಣ್ಣಿಗೆ ಛಾಯೆಯ ಬದಲು ಹೊಳಪೇ ತಾಗುತ್ತದೆ. ಮೆಟ್ಟಿಲಿನಂಥ ಅಗಲ ಮುಖಗಳಿರುವ ಎಮರಾಲ್ಡ್ ಕಟ್ ಇದಕ್ಕೆ ವಿರುದ್ಧ; ಅದು ಕಿಟಕಿ ತೆರೆದಂತೆ ಒಳಗಿನದನ್ನು ತೋರಿಸುತ್ತದೆ. ಓವಲ್, ಪೇರ್, ಮಾರ್ಕೀಸ್ ಆಕಾರಗಳಲ್ಲಿ ಬಣ್ಣ ತುದಿಗಳಿಗೆ ಹೋಗಿ ಸೇರುತ್ತದೆ. ಇವುಗಳನ್ನು ಆರಿಸುವವರು ದುಂಡು ಹರಳಿಗೆ ನಿಗದಿ ಮಾಡಿಕೊಂಡ ಅಕ್ಷರಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗುವುದು ಒಳ್ಳೆಯದು. ದುಂಡು ಹರಳಾದರೆ ಒಂದು ಮೆಟ್ಟಿಲು ಕೆಳಗಿಳಿದು, ಉಳಿದ ಹಣವನ್ನು ಕಟ್‌ಗೆ ಹಾಕಿ. ಕಟ್ ಎಕ್ಸಲೆಂಟ್ ಇರುವ ಐ, ಕಟ್ ಸಾಧಾರಣವಾಗಿರುವ ಎಫ್‌ಗಿಂತ ಬೆರಳಿನ ಮೇಲೆ ಬೆಳ್ಳಗೂ ಜೀವಂತವಾಗಿಯೂ ಕಾಣುವುದನ್ನು ನಾನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ.

ಒಂದು ಹರಳೋ, ಹದಿನಾಲ್ಕೋ

ಈಗ ಓಲೆಯ ಮಾತಿಗೆ ಬರೋಣ, ಏಕೆಂದರೆ ಈ ವಿಷಯವನ್ನು ಒಂಟಿ ಉಂಗುರವನ್ನೇ ಮನಸ್ಸಿನಲ್ಲಿಟ್ಟುಕೊಂಡು ವಿವರಿಸುವುದು ರೂಢಿಯಾಗಿಬಿಟ್ಟಿದೆ. ಒಂಟಿ ಹರಳಿಗೆ ಸ್ಪರ್ಧಿಗಳಿಲ್ಲ. ಏಳು ಹರಳಿನ ಓಲೆಯಲ್ಲಿ ಪ್ರತಿ ಹರಳಿಗೂ ಪಕ್ಕದಲ್ಲೇ ಹೋಲಿಕೆಗೆ ಸಾಕ್ಷಿಗಳಿವೆ. ನಡುವಿನದನ್ನು ಸುತ್ತಲಿನ ಆರು ಹರಳುಗಳು ಪ್ರಯೋಗಾಲಯದ ಮಾದರಿ ಹರಳುಗಳ ಹಾಗೆ ಸುತ್ತುವರಿದಿರುತ್ತವೆ. ಇಲ್ಲಿ ಕಣ್ಣು ಹುಡುಕುವುದು ಸಮತೆಯನ್ನು. ಹದಿನಾಲ್ಕೂ ಐ ಆಗಿದ್ದರೆ ಓಲೆ ಬೆಳ್ಳಗೆ ಕಾಣುತ್ತದೆ. ಹನ್ನೆರಡು ಎಫ್ ಆಗಿ ಎರಡು ಐ ಆದರೆ ಆ ಎರಡು ಹಳದಿಯಾಗಿ ಕಾಣುತ್ತವೆ, ಬೆಲೆ ಮಾತ್ರ ಮೊದಲಿನದಕ್ಕಿಂತ ಹೆಚ್ಚಾಗಿರುತ್ತದೆ.

ಆದ್ದರಿಂದ ಓಲೆ, ಬಳೆ, ಹರಳಿನ ಸರಗಳ ವಿಷಯದಲ್ಲಿ ಅಕ್ಷರ ಎಷ್ಟು ಮೇಲಿನದು ಎಂಬುದಕ್ಕಿಂತ ಹರಳುಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಅಂಗಡಿಗಳಲ್ಲಿ ಇಂಥ ಒಡವೆಗಳನ್ನು ಇಎಫ್–ವಿವಿಎಸ್, ಜಿಎಚ್–ವಿಎಸ್, ಐಜೆ–ಎಸ್‌ಐ ಎಂದು ಜೋಡಿ ಅಕ್ಷರಗಳಲ್ಲಿ ಮಾರುತ್ತಾರೆ. ಮೊದಲ ಜೋಡಿ ಬಣ್ಣದ್ದು, ಎರಡನೆಯದು ಕ್ಲ್ಯಾರಿಟಿಯದು. ಲೋಹದಲ್ಲಿ ಕೂತ ಹರಳಿಗೆ ಒಂದೇ ಅಕ್ಷರ ಕೊಡುವುದು ಕಷ್ಟವಾದ್ದರಿಂದ, ಕಟ್ಟಿದ ಒಡವೆಗೆ ಪ್ರಯೋಗಾಲಯಗಳು ಕೊಡುವ ಕಾರ್ಡಿನಲ್ಲೂ ಬಣ್ಣವನ್ನು ಹೀಗೆ ವ್ಯಾಪ್ತಿಯಾಗಿ ಬರೆದಿರುತ್ತಾರೆ. ಜಿಎಚ್ ಎಂದರೆ ಕೆಲವು ಜಿ, ಕೆಲವು ಎಚ್ ಇರಬಹುದು. ಒಳ್ಳೆಯ ಕೆಲಸಗಾರ ಅವನ್ನು ಎರಡೂ ಓಲೆಗಳಿಗೆ ಸಮನಾಗಿ ಹಂಚಿ, ಹೆಚ್ಚು ಬೆಳ್ಳಗಿನದನ್ನು ನಡುವಿಗೆ ಇಟ್ಟು ಕೂರಿಸುತ್ತಾನೆ. ಕೆಟ್ಟ ಕೆಲಸದಲ್ಲಿ ಒಂದು ಕಿವಿ ಬೆಳ್ಳಗೆ, ಇನ್ನೊಂದು ಕಿವಿ ಮಾಸಲು. ಎರಡು ಓಲೆಗಳನ್ನೂ ಕೈಯಲ್ಲಿ ಹಿಡಿದು ತಿರುಪಿನ ಕಡೆಯಿಂದಲೂ ಮುಖದ ಕಡೆಯಿಂದಲೂ ಜೊತೆಯಾಗಿ ನೋಡದೆ ಹಣ ಕೊಡಬಾರದು.

ಹಾಗಾದರೆ ಯಾವ ಜೋಡಿ? ಹಳದಿ ಚಿನ್ನದ ಓಲೆಗೆ ಇಎಫ್ ಕೊಳ್ಳುವುದು ನನ್ನ ಲೆಕ್ಕದಲ್ಲಿ ದುಂದು. ಜಿಎಚ್ ಸುರಕ್ಷಿತ ಆಯ್ಕೆ. ಮುಂದೆ ಮಗಳಿಗೆ ಹೋದಾಗ ಅವಳು ಅದನ್ನು ಬಿಳಿ ಲೋಹಕ್ಕೆ ಬದಲಾಯಿಸಿಕೊಂಡರೂ ನಡೆಯುತ್ತದೆ. ಐಜೆ ಬಜೆಟ್ಟಿನ ಆಯ್ಕೆ, ಆದರೆ ಅಗ್ಗದ ಐಜೆ ತಟ್ಟೆಯಲ್ಲೇ ಕಂದು ಛಾಯೆಯ ಹರಳುಗಳು ಹೆಚ್ಚಾಗಿ ಸೇರಿಕೊಳ್ಳುವುದರಿಂದ ಅಲ್ಲಿ ಕಣ್ಣು ಎರಡು ಪಟ್ಟು ಎಚ್ಚರವಾಗಿರಬೇಕು.

ಬ್ಲೂ ಜಾಗರ್ ಎಂಬ ಹಳೆಯ ಮೋಹ

ದಕ್ಷಿಣದ ಹಳೆಯ ಮನೆಗಳಲ್ಲಿ ಅಜ್ಜಿಯಂದಿರು ತಮ್ಮ ಓಲೆಯನ್ನು ತೋರಿಸಿ ‘ಇದು ಬ್ಲೂ ಜಾಗರ್’ ಎಂದು ಹೆಮ್ಮೆಯಿಂದ ಹೇಳುವುದುಂಟು. ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೇನ್ ಗಣಿಯಿಂದ. 1893ರಲ್ಲಿ 995 ಕ್ಯಾರೆಟ್ಟಿನ ಎಕ್ಸೆಲ್ಸಿಯರ್ ವಜ್ರ ಸಿಕ್ಕಿದ್ದು ಅಲ್ಲೇ. ಆ ಗಣಿಯ ಕೆಲವು ಬೆಳ್ಳನೆಯ ಹರಳುಗಳು ಬಿಸಿಲಿನಲ್ಲಿ ತೆಳುನೀಲಿ ಮಿನುಗು ಕೊಡುತ್ತಿದ್ದವು. ಕಾಲಕ್ರಮದಲ್ಲಿ ಗಣಿಯ ನೆನಪು ಅಳಿದು, ನೀಲಿ ಮಿನುಗಿರುವ ಯಾವುದೇ ಹರಳಿಗೂ ಆ ಹೆಸರು ನಿಂತಿತು.

ಆ ಮಿನುಗಿಗೆ ಕಾರಣ ಫ್ಲೋರೆಸೆನ್ಸ್, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ತಾಗಿದಾಗ ಹರಳು ತಾನೇ ಬೆಳಕು ಸೂಸುವ ಗುಣ. ನೂರಕ್ಕೆ 25ರಿಂದ 35 ವಜ್ರಗಳಲ್ಲಿ ಇದು ಅಷ್ಟೋ ಇಷ್ಟೋ ಇರುತ್ತದೆ, ಇದ್ದಲ್ಲಿ ಬಹುತೇಕ ನೀಲಿಯೇ. ನೀಲಿ ಬೆಳಕು ಹಳದಿಯನ್ನು ಸ್ವಲ್ಪ ಮಟ್ಟಿಗೆ ತಿಂದುಹಾಕುವುದರಿಂದ, ಐಯಿಂದ ಎಂವರೆಗಿನ ಹರಳಿನಲ್ಲಿ ಇದು ವರವಾಗಬಹುದು. ಹೊರಗಿನ ಬೆಳಕಿನಲ್ಲಿ ಹರಳು ತನ್ನ ಅಕ್ಷರಕ್ಕಿಂತ ಬೆಳ್ಳಗೆ ಕಾಣುತ್ತದೆ. 1997ರಲ್ಲಿ ಜಿಐಎ ಪ್ರಕಟಿಸಿದ ಅಧ್ಯಯನದಲ್ಲೂ, ಗಾಢ ನೀಲಿ ಫ್ಲೋರೆಸೆನ್ಸ್ ಇರುವ ಹರಳುಗಳು ಮುಖ ಮೇಲಾಗಿದ್ದಾಗ ನೋಡುಗರಿಗೆ ಹೆಚ್ಚು ಬೆಳ್ಳಗೆ ಕಂಡವು. ಆದರೂ ಮಾರುಕಟ್ಟೆಯಲ್ಲಿ, ಮುಖ್ಯವಾಗಿ ಡಿ, ಇ, ಎಫ್ ಹರಳುಗಳಲ್ಲಿ, ಫ್ಲೋರೆಸೆನ್ಸ್ ಇದ್ದರೆ ಬೆಲೆ ಇಳಿಯುತ್ತದೆ. ಕಾರಣ, ಅತಿ ಗಾಢ ಫ್ಲೋರೆಸೆನ್ಸ್ ಇರುವ ಕೆಲವೇ ಕೆಲವು ಹರಳುಗಳು ಬಿಸಿಲಿನಲ್ಲಿ ಮಬ್ಬು ಕವಿದಂತೆ ಕಾಣುತ್ತವೆ.

ಅಜ್ಜಿಯಂದಿರು ಹುಡುಕಿ ಕೊಳ್ಳುತ್ತಿದ್ದ ಗುಣವನ್ನೇ ಇಂದಿನ ವ್ಯಾಪಾರ ದೋಷವೆಂದು ಬೆಲೆ ಇಳಿಸಿ ಮಾರುತ್ತಿದೆ ಎನ್ನುವುದು ಕೊಳ್ಳುವವನ ಪಾಲಿಗೆ ಲಾಭದ ಸಂಗತಿ. ಹಳದಿ ಚಿನ್ನದ ಓಲೆಗೆ ಮಧ್ಯಮ ನೀಲಿ ಫ್ಲೋರೆಸೆನ್ಸ್ ಇರುವ ಐ ಅಥವಾ ಜೆ ಹರಳುಗಳು ಸಿಕ್ಕರೆ, ಬಿಸಿಲಿಗೆ ಹಿಡಿದು ಮಬ್ಬಿಲ್ಲವೆಂದು ಖಚಿತಪಡಿಸಿಕೊಂಡು, ನಾನಂತೂ ಕಣ್ಣುಮುಚ್ಚಿ ಕೊಳ್ಳುತ್ತೇನೆ. ಹದಿನಾಲ್ಕರಲ್ಲೂ ಅದು ಒಂದೇ ಮಟ್ಟದಲ್ಲಿರಬೇಕು. ಇಲ್ಲವಾದರೆ ಮನೆಯೊಳಗೆ ಹೊಂದಿಕೊಂಡಿದ್ದ ಹರಳುಗಳು ದೇವಸ್ಥಾನದ ಅಂಗಳದ ಬಿಸಿಲಿನಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತವೆ. ಅಂದಹಾಗೆ, ಇಂದು ‘ಬ್ಲೂ ಜಾಗರ್’ ಎಂಬ ಮಾತಿಗೆ ಯಾವ ಪ್ರಯೋಗಾಲಯದ ದರ್ಜೆಯೂ ಇಲ್ಲ. ಆ ಹೆಸರಿನ ಮೇಲೆ ಹೆಚ್ಚು ಹಣ ಕೇಳಿದರೆ ವರದಿಯಲ್ಲಿ ಕಲರ್ ಮತ್ತು ಫ್ಲೋರೆಸೆನ್ಸ್ ಎರಡನ್ನೂ ತೋರಿಸಲು ಹೇಳಿ.

ಅಂಗಡಿಯಲ್ಲಿ ನೋಡುವ ಬಗೆ

ಒಡವೆಯ ಅಂಗಡಿಯ ದೀಪಗಳನ್ನು ಹರಳು ಚೆನ್ನಾಗಿ ಕಾಣಲೆಂದೇ ಹಾಕಿರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೇಲಿನಿಂದ ಚುಚ್ಚುವ ಆ ಸಣ್ಣ ದೀಪಗಳ ಕೆಳಗೆ ಎಲ್ಲ ಹರಳೂ ಮಿನುಗುತ್ತದೆ, ಯಾವುದರ ಬಣ್ಣವೂ ತಿಳಿಯುವುದಿಲ್ಲ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹೋಗಿ, ನೇರ ಬಿಸಿಲು ಬೀಳದ ಬಾಗಿಲು ಅಥವಾ ಕಿಟಕಿಯ ಬಳಿಗೆ ತಂದು ತೋರಿಸಲು ಕೇಳಿ. ಅವೆನ್ಯೂ ರಸ್ತೆಯಂಥ ಇಕ್ಕಟ್ಟಿನ ಪೇಟೆಯಲ್ಲೂ ಹೊಸ್ತಿಲ ಬಳಿ ಅಷ್ಟು ಬೆಳಕು ಸಿಗುತ್ತದೆ. ಗಾಢ ಬಣ್ಣದ ಸೀರೆ ಅಥವಾ ಅಂಗಿ ಉಟ್ಟು ಹೋಗಬೇಡಿ. ಅದರ ಬಣ್ಣ ಹರಳಿಗೆ ಇಳಿಯುತ್ತದೆ.

ಬಿಡಿ ಹರಳಾದರೆ ಒಂದು ಬಿಳಿ ಕಾಗದವನ್ನು ನಡುವೆ ಮಡಿಸಿ, ಮಡಿಕೆಯ ಕಣಿವೆಯಲ್ಲಿ ಹರಳನ್ನು ಮುಖ ಕೆಳಗಾಗಿ ಇಟ್ಟು, ಬದಿಯಿಂದ ನೋಡಬೇಕು. ಪಕ್ಕದಲ್ಲಿ ವರದಿಯಿರುವ ಇನ್ನೊಂದು ಹರಳನ್ನು ಇಡಿಸಬೇಕು, ಏಕೆಂದರೆ ಒಂದನ್ನೇ ನೋಡಿ ಬಣ್ಣ ಹೇಳುವುದು ಪರಿಣತರಿಗೂ ಕಷ್ಟ. ಆ ಹರಳು ಮೊದಲನೆಯದಕ್ಕಿಂತ ಎರಡು ಮೂರು ದರ್ಜೆ ಆಚೆಗಿದ್ದರೆ ವ್ಯತ್ಯಾಸ ಕಾಗದದ ಮೇಲೆ ತಾನೇ ಕಾಣುತ್ತದೆ: ಒಂದರ ಹೊಟ್ಟೆಯಲ್ಲಿ ನೀರಿನ ತಿಳಿ, ಇನ್ನೊಂದರಲ್ಲಿ ಎಳನಿಂಬೆಯ ರಸದ ಒಂದು ಹನಿ ಬೆರೆತಂತೆ. ಆಮೇಲೆ ಎರಡನ್ನೂ ಮುಖ ಮೇಲಾಗಿ ತಿರುಗಿಸಿ, ಹಳದಿ ಚಿನ್ನದ ಯಾವುದಾದರೂ ಉಂಗುರದ ಕಟ್ಟಿನ ಮೇಲೆ ಇಡಿಸಿ ನೋಡಿ. ಆಗಲೂ ವ್ಯತ್ಯಾಸ ಕಾಣುತ್ತಿದ್ದರೆ ಮೇಲಿನದಕ್ಕೆ ಹಣ ಕೊಡಿ. ಕಾಣದಿದ್ದರೆ ಕೆಳಗಿನದನ್ನು ತೆಗೆದುಕೊಳ್ಳಿ.

ನೋಡುವ ಮೊದಲು ಹರಳು ಶುಭ್ರವಾಗಿರಬೇಕು. ಎಣ್ಣೆ, ಅರಿಶಿನ, ಸೋಪಿನ ಪೊರೆ ಕೂತ ಹರಳು ಎರಡು ದರ್ಜೆ ಕೆಳಗಿನಂತೆ ಕಾಣಬಹುದು. ಇದಕ್ಕೆ ವಿರುದ್ಧವಾದ ಹಳೆಯ ಕೈಚಳಕವೂ ಒಂದಿದೆ: ಹರಳಿನ ನಡುಪಟ್ಟಿಗೆ ನೇರಳೆ ಪೆನ್ಸಿಲ್ಲಿನ ಚುಕ್ಕೆ ಮುಟ್ಟಿಸಿದರೆ ಆ ನೇರಳೆ ಹಳದಿಯನ್ನು ಮರೆಮಾಚುತ್ತದೆ. ಒರೆಸಿ ತೊಳೆದು ತೋರಿಸಲು ಹೇಳಿದರೆ ಎರಡಕ್ಕೂ ಪರಿಹಾರವಾಯಿತು.

ಪ್ರಯೋಗಾಲಯದ ವಜ್ರ, ಬಣ್ಣದ ವಜ್ರ

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಕೊಳ್ಳುವವರಿಗೆ ಮೇಲಿನ ಉಳಿತಾಯದ ಲೆಕ್ಕ ಬಹುಮಟ್ಟಿಗೆ ಅನ್ವಯಿಸುವುದಿಲ್ಲ. ಅಲ್ಲಿ ಡಿ, ಇ, ಎಫ್ ಅಪರೂಪವಲ್ಲ, ಬೆಲೆಯೂ ಗಣಿಯ ಹರಳಿಗಿಂತ ಬಹಳ ಕಡಿಮೆ. ಕೆಳಗಿನ ದರ್ಜೆಗೆ ಇಳಿದು ಉಳಿಸುವುದು ಅಷ್ಟಕ್ಕಷ್ಟೆ. ಅಲ್ಲಿ ನೋಡಬೇಕಾದದ್ದು ಛಾಯೆಯ ಜಾತಿ. ಅನಿಲದಿಂದ ಪದರ ಪದರವಾಗಿ ಬೆಳೆಸುವ ಸಿವಿಡಿ ವಿಧಾನದ ಹರಳಿನಲ್ಲಿ ಕಂದು ಉಳಿದಿರಬಹುದು. ಎಚ್‌ಪಿಎಚ್‌ಟಿ ವಿಧಾನದಲ್ಲಿ, ಅಂದರೆ ಭಾರೀ ಒತ್ತಡ ಮತ್ತು ಶಾಖದಲ್ಲಿ ಬೆಳೆಸುವಾಗ, ಬೋರಾನ್ ಸೇರಿ ತೆಳುನೀಲಿ ಬಂದಿರಬಹುದು. 2025ರಿಂದ ಜಿಐಎ ಇಂಥ ಹರಳುಗಳಿಗೆ ಡಿಯಿಂದ ಝಡ್‌ವರೆಗಿನ ಅಕ್ಷರ ಕೊಡುವುದನ್ನು ಬಿಟ್ಟು ಪ್ರೀಮಿಯಂ, ಸ್ಟ್ಯಾಂಡರ್ಡ್ ಎಂಬ ಎರಡೇ ಮಾತುಗಳಿಗೆ ಬಂದಿದೆ. ಬೇರೆ ಪ್ರಯೋಗಾಲಯಗಳ ಕಾರ್ಡುಗಳಲ್ಲಿ ಅಕ್ಷರ ಕಾಣಬಹುದು.

ಝಡ್ ದಾಟಿದ ಗಾಢ ಹಳದಿ, ಹಾಗೆಯೇ ಗುಲಾಬಿ, ನೀಲಿ, ಹಸಿರು ವಜ್ರಗಳು ಫ್ಯಾನ್ಸಿ ಎಂಬ ಬೇರೆಯ ಲೋಕಕ್ಕೆ ಸೇರಿದವು. ಅವುಗಳ ದರ್ಜೆಯನ್ನು ಮುಖ ಮೇಲಾಗಿಯೇ ನೋಡಿ ಕೊಡುತ್ತಾರೆ, ಬಣ್ಣ ಹೆಚ್ಚಿದಷ್ಟೂ ಬೆಲೆ ಏರುತ್ತದೆ. ಎಸ್ ಅಥವಾ ಟಿ ದರ್ಜೆಯ ಹರಳನ್ನು ‘ಹಳದಿ ವಜ್ರ’ ಎಂದು ಫ್ಯಾನ್ಸಿಯ ಬೆಲೆಗೆ ಯಾರಾದರೂ ತೋರಿಸಿದರೆ ವರದಿಯಲ್ಲಿ ಫ್ಯಾನ್ಸಿ ಎಂಬ ಶಬ್ದವಿದೆಯೇ ಎಂದು ನೋಡಿದರೆ ಸಾಕು.

ಬಿಲ್ಲಿನಲ್ಲಿ ಏನಿರಬೇಕು

ಒಡವೆಯ ಮೇಲೆ ಬಿಐಎಸ್ ಹಾಲ್‌ಮಾರ್ಕ್ ಇದೆ ಎಂದು ವಜ್ರದ ಬಗ್ಗೆಯೂ ನಿಶ್ಚಿಂತರಾಗುವವರನ್ನು ನೋಡಿದ್ದೇನೆ. 2023ರ ಏಪ್ರಿಲ್‌ನಿಂದ ಕಡ್ಡಾಯವಾದ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆ ಚಿನ್ನದ ಶುದ್ಧತೆಗೆ ಸಂಬಂಧಿಸಿದ್ದು. ಹರಳಿನ ಬಣ್ಣದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹರಳಿಗೆ ಬೇರೆ ವರದಿ ಬೇಕು, ಅದು ಮಾರುವ ಅಂಗಡಿಯದೇ ಆಗಿರದೆ ಸ್ವತಂತ್ರ ಪ್ರಯೋಗಾಲಯದ್ದಾಗಿರಬೇಕು. ಒಂದು ಪ್ರಯೋಗಾಲಯ ಜಿ ಎಂದ ಹರಳನ್ನು ಇನ್ನೊಂದು ಎಚ್ ಎನ್ನುವುದು ಅಪರೂಪವೇನಲ್ಲ, ಆದ್ದರಿಂದ ಎರಡು ಅಂಗಡಿಗಳ ಬೆಲೆ ಹೋಲಿಸುವಾಗ ಅಕ್ಷರದ ಜೊತೆ ಅದನ್ನು ಕೊಟ್ಟವರು ಯಾರು ಎಂಬುದನ್ನೂ ಹೋಲಿಸಬೇಕು. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳುಗಳ ಎಣಿಕೆ, ಕ್ಯಾರೆಟ್ ತೂಕ, ಬಣ್ಣ ಮತ್ತು ಕ್ಲ್ಯಾರಿಟಿ ಪ್ರತ್ಯೇಕವಾಗಿ ಬರೆದಿರಬೇಕು. ಮುಂದೆ ಒಂದು ಹರಳು ಬಿದ್ದುಹೋದಾಗ ಯಾವುದನ್ನು ಹುಡುಕಬೇಕೆಂದು ಹೇಳುವುದು ಆ ಒಂದು ಸಾಲೇ.

ದೊಡ್ಡಮ್ಮನ ಓಲೆಗೆ ಅಂಥ ಸಾಲು ಇರಲಿಲ್ಲ. ಕೊನೆಗೆ ಇನ್ನೊಬ್ಬ ಹಿರಿಯ ಅಕ್ಕಸಾಲಿಗರು ಹಳೆಯ ಹರಳುಗಳಲ್ಲಿ ಎರಡನ್ನು ಬಿಡಿಸಿ, ಬಿಳಿ ಕಾಗದದ ಮಡಿಕೆಯಲ್ಲಿಟ್ಟು, ತಮ್ಮ ಪೊಟ್ಟಣಗಳಿಂದ ಒಂದೊಂದೇ ಹರಳನ್ನು ಚಿಮಟದಲ್ಲಿ ಹಿಡಿದು ಪಕ್ಕಕ್ಕೆ ತಂದು ನೋಡುತ್ತಾ ಹೋದರು. ಒಂಬತ್ತನೆಯದೋ ಹತ್ತನೆಯದೋ ಹರಳು ಎರಡರ ನಡುವೆ ಕೂತು ಕಳೆದುಹೋಯಿತು. ಯಾವುದು ಹೊಸದೆಂದು ನನಗೆ ತಿಳಿಯಲಿಲ್ಲ. ‘ಇದು ಕೆ, ಸ್ವಲ್ಪ ನೀಲಿ ಇದೆ’ ಎಂದರು ಅವರು, ಬಾಗಿಲ ಕಡೆಗೆ ತಿರುಗಿಸಿ. ಬೆಲೆ ಎಫ್‌ಗಿಂತ ಎಷ್ಟೋ ಕಡಿಮೆಯಾಯಿತು. ಓಲೆಯಿಂದ ತೆಗೆದ ಆ ಎಫ್ ಹರಳು ಈಗ ನನ್ನ ತಂಗಿಯ ಮೂಗುಬಟ್ಟಿನಲ್ಲಿದೆ. ಅಲ್ಲಿ ಅದಕ್ಕೆ ಅಕ್ಕಪಕ್ಕದವರು ಯಾರೂ ಇಲ್ಲ.